ಆದಿಕಾಂಡದ ಊಟ, ನಮ್ಮೂರ ಮಡಿ

ಕ್ರೈಸ್ತಳಾಗಿ ಹುಟ್ಟಿ ಮಾಂಸ ಬಿಟ್ಟವಳು ಧಾರವಾಡದಲ್ಲಿ ಎರಡು ಬಗೆಯ ಮಾತು ಕೇಳಬೇಕಾಗುತ್ತದೆ. ನೆರೆಮನೆಯವರು, "ಛಲೋ ಆತು ನೋಡ್ರಿ ಬಾಯಾರ, ನೀವೂ ನಮ್ಮಂಗ ಆದ್ರಿ" ಎನ್ನುತ್ತಾರೆ. ನಮ್ಮ ಸಭೆಯ ಹಿರಿಯಳೊಬ್ಬಳು, "ಯಾಕವ್ವಾ, ಬಿಟ್ಟ ಜಾತಿ ಹೊಳ್ಳಿ ಬಂತೇನು?" ಎಂದಳು. ಮೊದಲನೆಯ ಮೆಚ್ಚುಗೆ ನನಗೆ ಬೇಡ. ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು.

ಸಸ್ಯಾಹಾರದ ಪರ ವಾದಿಸುವ ಕ್ರೈಸ್ತರು ಬಹಳಷ್ಟು ಸಲ ದಾನಿಯೇಲನನ್ನು ಮುಂದೆ ತರುತ್ತಾರೆ. ಬಾಬೆಲಿನ ಅರಮನೆಯಲ್ಲಿ ಅವನು ರಾಜನ ಭೋಜನವನ್ನು ಒಲ್ಲೆನೆಂದು ಹತ್ತು ದಿನ ಕಾಯಿಪಲ್ಯ ತಿಂದು, ನೀರು ಕುಡಿದು, ಉಳಿದವರಿಗಿಂತ ಪುಷ್ಟನಾಗಿ ಕಂಡನಂತೆ. ಕೇಳಲು ಸೊಗಸಾದ ಕಥೆ. ಆದರೆ ಅವನು ಆ ಊಟ ಬಿಟ್ಟದ್ದು ಮೈಲಿಗೆಯಾದೀತೆಂಬ ಅಂಜಿಕೆಯಿಂದ. ಕುರಿಯ ಮೇಲಿನ ಕನಿಕರದ ಮಾತೇ ಅಲ್ಲಿಲ್ಲ. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಅವನು ಮೂರು ವಾರ ಮಾಂಸ ಮುಟ್ಟದೆ ಶೋಕಿಸಿದ ಸಂಗತಿಯಿದೆ. ಹಾಗಾದರೆ ಉಳಿದ ದಿನ ತಿನ್ನುತ್ತಿದ್ದನೆಂದಾಯಿತಲ್ಲ! ಮೈಲಿಗೆಯ ವಾದವನ್ನಂತೂ ನಾವು ಬೈಬಲಿನಿಂದ ಕಡ ತರಬೇಕಾಗಿಲ್ಲ, ನಮ್ಮೂರಲ್ಲೇ ಧಾರಾಳವಾಗಿದೆ.

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಅವರ ಶಾಲೆ, ಕಿಟೆಲರ 1894ರ ನಿಘಂಟು ಎಲ್ಲರಿಗೂ ಗೊತ್ತು. ಜಾತಿಯ ವಿಷಯದಲ್ಲಿ ಅವರು ಹಿಡಿದ ಹಟ ಅಷ್ಟಾಗಿ ನೆನಪಿಲ್ಲ. ಸಭೆಗೆ ಸೇರುವವರು ಜಾತಿ ಬಿಡಬೇಕಾಗಿತ್ತು. ಬಿಟ್ಟದ್ದು ತಿಳಿಯುವುದು ಹೇಗೆ? ಯಾರ ಒಲೆಯ ಅಡಿಗೆ ಉಣ್ಣುತ್ತೀರಿ ಎಂಬುದರಿಂದ. ಮದ್ರಾಸಿನ ಪ್ರೊಟೆಸ್ಟಂಟ್ ಮಿಶನರಿಗಳು 1850ರಲ್ಲಿ ಸಹಭೋಜನವನ್ನೇ ಇದರ ಪರೀಕ್ಷೆಯಾಗಿ ಇಟ್ಟರು. ಅಂಥ ಪಂಕ್ತಿಯಲ್ಲಿ ಉಂಡು ಬಂದ ಹೆಣ್ಣುಮಗಳಿಗೆ ತವರಿನ ಅಡಿಗೆಮನೆ ಏನಾಗಿರಬೇಕು, ನೀವೇ ಯೋಚಿಸಿ. ಅಷ್ಟು ಕೊಟ್ಟು ಪಡೆದ ಪಂಕ್ತಿಯನ್ನು ನನ್ನ ಬದನೆಕಾಯಿ ಪಲ್ಯಕ್ಕಾಗಿ ಒಡೆಯುವುದೇ? ಆ ಹಿರಿಯಳ ಸಂಶಯಕ್ಕೆ ಬೇರಿದೆ.

ನನ್ನ ಆಧಾರ ಬೇರೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರ ಊಟಕ್ಕೆಂದು ಕೊಟ್ಟದ್ದು ಬೀಜವುಳ್ಳ ಪೈರು ಮತ್ತು ಹಣ್ಣು. ಮಾಂಸಕ್ಕೆ ಅಪ್ಪಣೆ ದೊರೆತದ್ದು ಒಂಬತ್ತನೆಯ ಅಧ್ಯಾಯದಲ್ಲಿ, ಜಲಪ್ರಳಯ ಇಳಿದ ಮೇಲೆ, ನೋಹನಿಗೆ. ಆಗಲೂ ರಕ್ತ ಬಿಟ್ಟು. ಯೆಶಾಯನು ಕಾಣುವ ಬರಲಿರುವ ರಾಜ್ಯದಲ್ಲಿ ಸಿಂಹವೂ ಎತ್ತಿನಂತೆ ಹುಲ್ಲು ಮೇಯುತ್ತದೆ. ಮೊದಲೂ ಕೊನೆಯೂ ಕೊಲ್ಲದ ಊಟ. ನಡುವಿನದು ಅಪ್ಪಣೆ, ಆಜ್ಞೆಯೇನಲ್ಲ. ಉಯಿರ್ತೆದ್ದ ಕ್ರಿಸ್ತನು ಸುಟ್ಟ ಮೀನು ತಿಂದನೆಂದು ಲೂಕನು ಬರೆದಿದ್ದಾನೆ. ಅದನ್ನು ಮುಚ್ಚಿಟ್ಟು ವಾದಿಸುವವರು ನನಗೆ ಹಿಡಿಸುವುದಿಲ್ಲ. ಅಪ್ಪಣೆಯಿದ್ದರೂ ಬಿಡಬಹುದು ಎಂಬಷ್ಟೇ ನನ್ನ ಮಾತು.

ನೆರೆಯವರಿಗೂ ಒಂದು ಮಾತು ಇದೆ. ಆದಿಕಾಂಡದ ಆ ಯಾದಿಯಲ್ಲಿ ಹಾಲಿಲ್ಲ, ತುಪ್ಪವಿಲ್ಲ, ಧಾರವಾಡದ ಪೇಢೆಯಂತೂ ಇಲ್ಲವೇ ಇಲ್ಲ! ಹಾಲಿಗಾಗಿ ಎಮ್ಮೆ ಕಟ್ಟಿದ ಮನೆಯಲ್ಲಿ ಗಂಡುಕರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಮಾಂಸದ ಹೆಸರೆತ್ತಿದರೆ ಮೂಗು ಮುಚ್ಚುವವರೂ ಮಾತು ಬದಲಿಸುತ್ತಾರೆ. ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಗುರೆಳ್ಳು ಚಟ್ನಿ ಇರುವ ಸೀಮೆಯಲ್ಲಿ ಮೊಸರಿಲ್ಲದೆಯೂ ಹೊಟ್ಟೆ ತುಂಬುತ್ತದೆ. ಪೇಢೆ ಬಿಡುವ ಮಾತು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕಾಯಿಪಲ್ಯ ಮಾತ್ರ ತಿನ್ನುವವರನ್ನು ನಂಬಿಕೆಯಲ್ಲಿ ದುರ್ಬಲರೆನ್ನುತ್ತಾನೆ. ತಿನ್ನುವವನು ಅವರನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂಬುದು ಅವನ ಬುದ್ಧಿವಾದ. ನಮ್ಮಲ್ಲಿ ಈ ಮಾತನ್ನು ತಿರುವಿ ಓದಬೇಕು. ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆಗಿದೆ ಎನ್ನುವ ಊರಿನಲ್ಲಿ ಬಲವಿರುವುದು ಪಲ್ಯ ತಿನ್ನುವವರಿಗೆ. ಹಾಗಾಗಿ ತಗ್ಗಿ ನಡೆಯಬೇಕಾದವಳು ನಾನು.

ಈಸ್ಟರಿಗೆ ನಾದಿನಿಯ ಮನೆಯಲ್ಲಿ ಮಟನ್ ಇರುತ್ತದೆ. ಅದೇ ಪಂಕ್ತಿಯಲ್ಲಿ ನನಗೆ ಎಣ್ಣೆಗಾಯಿ. "ವೈನಿ, ಸೌಟು ಬ್ಯಾರೆ ತರ್ಲ್ಯಾ?" ಎಂದು ಅವಳು ಪ್ರತಿ ವರ್ಷ ಕೇಳುತ್ತಾಳೆ. ಬೇಡ, ಅದರಲ್ಲೇ ಬಡಿಸು ಎನ್ನುತ್ತೇನೆ.