ಮಾಚು ಪಿಚುವಿನಲ್ಲಿ ನೆರೂಡ ಹುಡುಕಿದ ಮನುಷ್ಯ

ಮೆಕ್ಸಿಕೊದಲ್ಲಿ ಚಿಲಿಯ ಕಾನ್ಸಲ್ ಜನರಲ್ ಆಗಿದ್ದ ಕವಿ ಪಾಬ್ಲೊ ನೆರೂಡ ಆ ಕೆಲಸ ಬಿಟ್ಟು ಊರಿಗೆ ಮರಳುವಾಗ, 1943ರ ಅಕ್ಟೋಬರಿನಲ್ಲಿ, ಪೆರುವಿನ ಬೆಟ್ಟದ ಮೇಲೆ ಇಂಕಾಗಳು ಕಟ್ಟಿದ ಮಾಚು ಪಿಚುವನ್ನು ಹತ್ತಿದ. ಅದರ ಬಗೆಗಿನ ಕವಿತೆ ಬಂದದ್ದು ಮಾತ್ರ ಎರಡು ವರ್ಷ ತಡವಾಗಿ, 1945ರಲ್ಲಿ. ಈ ತಡವೇ ಕವಿತೆಯ ಭಾಗ್ಯ. ಅಷ್ಟರಲ್ಲಿ ನೆರೂಡ ಉತ್ತರ ಚಿಲಿಯ ನೈಟ್ರೇಟ್ ಗಣಿಗಳ ಸೀಮೆಯಿಂದ ಸೆನೆಟ್‌ಗೆ ಆರಿಸಿ ಬಂದಿದ್ದ, ಕಮ್ಯುನಿಸ್ಟ್ ಪಕ್ಷ ಸೇರಿದ್ದ. ಮತ ಕೊಟ್ಟ ಗಣಿಯಾಳುಗಳ ಕೈಗಳನ್ನು ಕಂಡ ಮೇಲೆ ಇಂಕಾಗಳ ಕಲ್ಲು ಅವನಿಗೆ ಬೇರೆಯಾಗಿಯೇ ಕಂಡಿರಬೇಕು.

ಹನ್ನೆರಡು ಭಾಗಗಳ ‘ಮಾಚು ಪಿಚುವಿನ ಶಿಖರಗಳು’ ಎಂಬ ಈ ಕವಿತೆ 1950ರಲ್ಲಿ ‘ಕಾಂತೊ ಹೆನೆರಾಲ್’ ಎಂಬ ಮಹಾಸಂಗ್ರಹದೊಳಗೆ ಸೇರಿತು. ಮೊದಲ ಐದು ಭಾಗಗಳಲ್ಲಿ ಬೆಟ್ಟದ ಸುಳಿವೇ ಇಲ್ಲ. ಅಲ್ಲಿರುವುದು ಪೇಟೆಯ ಬದುಕು, ದಿನದಿನವೂ ಸ್ವಲ್ಪ ಸ್ವಲ್ಪವೇ ಸಾಯುವ ಜನ. ಆರನೆಯ ಭಾಗಕ್ಕೆ ಬಂದ ಮೇಲೇ ಏರುದಾರಿ ಶುರು. ಅವಸರದ ಓದುಗರು ಈ ಐದನ್ನು ದಾಟಿಬಿಡುವುದುಂಟು. ಹಾಗೆ ದಾಟಿದರೆ ಕವಿ ಇಷ್ಟು ಎತ್ತರಕ್ಕೆ ಏನು ಹೊತ್ತು ತಂದನೆಂಬುದೇ ತಿಳಿಯದೆ ಹೋಗುತ್ತದೆ.

ನೆಲವನ್ನು ಹಾಡುವುದರಲ್ಲಿ ನೆರೂಡನಿಗೆ ಸಮನಾದವರು ಕಡಿಮೆ. ಎಂಟನೆಯ ಭಾಗದಲ್ಲಿ ಅವನು ಕೆಳಗೆ ಭೋರ್ಗರೆವ ಉರುಬಂಬಾ ನದಿಯನ್ನು ಅದರ ಹಳೆಯ ಹೆಸರಿನಿಂದಲೇ ಕೂಗಿ ಮಾತಾಡಿಸುತ್ತಾನೆ. ಒಂಬತ್ತನೆಯದು ಬರೀ ಸಂಬೋಧನೆಗಳ ಸರಮಾಲೆ. ಕ್ರಿಯಾಪದದ ಹಂಗಿಲ್ಲದೆ ಒಂದರ ಮೇಲೊಂದು ಹೆಸರು ಬೀಳುತ್ತದೆ. ಗಾರೆಯಿಲ್ಲದೆ, ಕಬ್ಬಿಣದ ಉಳಿಯಿಲ್ಲದೆ, ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ ಕೂಡಿಸಿದ ಆ ಗೋಡೆಗಳಂತೆಯೇ ಸಾಲುಗಳೂ ನಿಲ್ಲುತ್ತವೆ. ನಾಮಾವಳಿಯ ಲಯ ಬಲ್ಲ ಕನ್ನಡ ಕಿವಿಗೆ ಇದರ ಸೊಗಸು ಬೇಗ ಹತ್ತುತ್ತದೆ.

ಆದರೆ ಕವಿತೆ ಅಲ್ಲಿಗೇ ನಿಂತಿದ್ದರೆ ಅದು ಒಂದು ಅದ್ಭುತ ಸ್ತೋತ್ರ, ಅಷ್ಟೇ.

ಹತ್ತನೆಯ ಭಾಗದಲ್ಲಿ ಅವನು ಹೊಗಳಿದ ಕಲ್ಲನ್ನೇ ತಡೆದು ಕೇಳುತ್ತಾನೆ: ಇಷ್ಟೆಲ್ಲದರ ನಡುವೆ ಮನುಷ್ಯ ಎಲ್ಲಿದ್ದ? ಕಟ್ಟಿದವನು ಉಂಡಿದ್ದನೆ? ಅಡಿಪಾಯದಲ್ಲಿ ಇರುವುದು ಕಲ್ಲೋ ಹರಕು ಬಟ್ಟೆಯೋ? ಉತ್ತರ ಅವನ ಬಳಿ ಇಲ್ಲ. ಗೊತ್ತಿಲ್ಲವೆಂಬ ಸಂಕಟದಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಇಡೀ ಕಾವ್ಯದ ನೆತ್ತಿ ಇದು. ನಿಸರ್ಗ, ಚರಿತ್ರೆ, ಮನುಷ್ಯನ ಕಸುವು ಮೂರೂ ಬೇರೆಬೇರೆ ವಸ್ತುಗಳಾಗಿ ಉಳಿಯದೆ ಒಂದೇ ಕಲ್ಲಿನೊಳಗೆ ಕಾಣುವುದು ಇಲ್ಲಿ ಮಾತ್ರ.

ಮುಂದಿನ ಭಾಗಗಳ ಬಗ್ಗೆ ಅಷ್ಟೇ ಖಚಿತವಾಗಿ ಹೇಳಲಾಗದು. ಕಲ್ಲುಕುಟಿಗ, ನೇಕಾರ, ಕುರುಬ, ಕುಂಬಾರ ಎಲ್ಲರನ್ನೂ ‘ಸಹೋದರ’ನೆಂದು ಎಬ್ಬಿಸಿ, ತನ್ನ ಬಾಯಿಂದ ಮಾತಾಡಿರೆಂದು ಕವಿ ಬೇಡುತ್ತಾನೆ. ಅವರು ತಿಂದ ಏಟುಗಳ ವಿವರ ನಿಜಕ್ಕೂ ಎದೆ ಕಲಕುತ್ತದೆ. ಆದರೂ ಈ ಕರೆಯೊಳಗೆ ಹೆಂಗಸರಿಲ್ಲ. ಇಂಕಾ ಅರಸರಿಗೆ ನಯವಾದ ಬಟ್ಟೆ ನೇಯುತ್ತಿದ್ದವರಲ್ಲಿ ‘ಅಕ್ಯಾ’ ಎಂಬ ಹೆಣ್ಣುಮಕ್ಕಳೂ ಇದ್ದರು. ಸತ್ತವರು ಈ ಕವಿಗೆ ತಮ್ಮ ನಾಲಗೆ ಕೊಡಲು ಒಪ್ಪಿದರೆಂಬ ಖಾತ್ರಿಯೂ ಓದುಗನಿಗೆ ಸಿಗುವುದಿಲ್ಲ.

ಇನ್ನೂ ದೊಡ್ಡ ಕೊರತೆಯೊಂದಿದೆ. 1911ರ ಜುಲೈ 24ರಂದು ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್‌ಗೆ ಈ ನೆಲೆಯ ದಾರಿ ತೋರಿಸಿದವನು ಮೆಲ್ಚೋರ್ ಆರ್ತೆಯಾಗ ಎಂಬ ಅಲ್ಲಿನ ರೈತ. ಮೇಲೆ ಹೋಗಿ ನೋಡಿದರೆ ರಿಚಾರ್ತೆ, ಆಲ್ವಾರೆಸ್ ಎಂಬುವರ ಕುಟುಂಬಗಳು ಇಂಕಾಗಳು ಕಟ್ಟಿದ ಮೆಟ್ಟಿಲು ಹೊಲಗಳಲ್ಲೇ ಬೆಳೆ ತೆಗೆಯುತ್ತಿದ್ದವು. ಹದಿನೈದನೆಯ ಶತಮಾನದ ಕಟ್ಟೆಗಳ ಮೇಲೆ ಇಪ್ಪತ್ತನೆಯ ಶತಮಾನದ ಅಡುಗೆಗೆ ಬೇಕಾದದ್ದು ಬೆಳೆಯುತ್ತಿತ್ತು! ಮನುಷ್ಯನ ಚೈತನ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕವಿತೆ ಹುಡುಕುವುದು ಮಣ್ಣಾದವರನ್ನು. ಕೆಚುವಾ ಮಾತಾಡುತ್ತ ಅದೇ ಕಣಿವೆಗಳಲ್ಲಿ ಉಳುತ್ತಿದ್ದವರು ಅದರ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ.

ಇಲ್ಲಿ ಕನ್ನಡದ ಕವಿತೆಯೊಂದು ನೆನಪಾಗುತ್ತದೆ. ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ 1975ರಲ್ಲಿ ಬಂತು. ಅದರಲ್ಲಿನ ‘ನನ್ನ ಜನಗಳು’ ಕವಿತೆಯಲ್ಲೂ ಕಲ್ಲು ಹೊತ್ತವರಿದ್ದಾರೆ, ಹಸಿವಿನಿಂದ ಸತ್ತವರಿದ್ದಾರೆ. ಅಲ್ಲಿನ ದನಿ ಎತ್ತರದ ಜಾಗಕ್ಕೆ ಯಾತ್ರೆ ಹೋಗಿ ಯಾರನ್ನೂ ಎಬ್ಬಿಸಬೇಕಿಲ್ಲ. ಅದು ಆ ಸಾಲಿನಲ್ಲೇ ನಿಂತು ಒಬ್ಬೊಬ್ಬರನ್ನೇ ಎಣಿಸುತ್ತದೆ. ನೆರೂಡನಿಗಿದ್ದ ಭೂದೃಶ್ಯದ ವೈಭವ ಅಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ‘ನನ್ನ ಜನಗಳು’ ಕವಿತೆಯ ಪಕ್ಕದಲ್ಲಿಟ್ಟು ಓದಿದಾಗ ನೆರೂಡನ ಹನ್ನೆರಡನೆಯ ಭಾಗ ವೇದಿಕೆಯ ಭಾಷಣದ ಕಡೆಗೆ ವಾಲುತ್ತದೆ. ಹತ್ತನೆಯದು ಮಾತ್ರ ಒಂದಿಷ್ಟೂ ಕುಗ್ಗುವುದಿಲ್ಲ, ಏಕೆಂದರೆ ಅಲ್ಲಿ ಅವನು ಯಾರ ಪರವಾಗಿಯೂ ಮಾತಾಡುತ್ತಿಲ್ಲ, ಕೇಳುತ್ತಿದ್ದಾನೆ.