ಪಾಲಿಂಗ್ ಅವರ ಪುಸ್ತಕ, ಬನಹಟ್ಟಿಯ ಪೊಟ್ಟಣ

ಎರಡು ನೊಬೆಲ್ ಬಹುಮಾನ ಪಡೆದವರ ಪುಸ್ತಕದಲ್ಲಿ ಹುಳುಕು ಹುಡುಕಲು ಜಮಖಂಡಿಯ ಹೆಣ್ಣುಮಗಳೊಬ್ಬಳಿಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಆದರೆ ಲೈನಸ್ ಪಾಲಿಂಗ್ ಅವರು 1970ರಲ್ಲಿ ‘ವಿಟಮಿನ್ ಸಿ ಅಂಡ್ ದ ಕಾಮನ್ ಕೋಲ್ಡ್’ ಬರೆದದ್ದು ವಿಜ್ಞಾನಿಗಳಿಗಾಗಿ ಅಲ್ಲ, ನೆಗಡಿ ಬರುವ ಎಲ್ಲರಿಗಾಗಿ. ನೆಗಡಿ ನನಗೂ ಬರುತ್ತದೆ.

ಪುಸ್ತಕ ಚಿಕ್ಕದು, ಮಾತು ನೇರ. ದಿನಕ್ಕೆ ಒಂದು ಗ್ರಾಂ, ಬೇಕಾದರೆ ಇನ್ನೂ ಹೆಚ್ಚು ಸಿ ವಿಟಮಿನ್ ತೆಗೆದುಕೊಂಡರೆ ನೆಗಡಿ ದೂರ ಎನ್ನುತ್ತಾರೆ. ನಮ್ಮ ದೇಶದ ಪೌಷ್ಟಿಕತಜ್ಞರು 2020ರಲ್ಲಿ ಹೆಂಗಸರಿಗೆ ಹೇಳಿದ ಅಳತೆ ದಿನಕ್ಕೆ 65 ಮಿಲಿಗ್ರಾಂ. ಒಂದು ಪೇರಲ ಹಣ್ಣು ತಿಂದರೆ ಅದು ಮುಗಿದೇ ಹೋಯಿತು! ಹಾಗಾದರೆ ಗ್ರಾಂಗಟ್ಟಲೆ ಏಕೆ? ಇಲಿ ತನ್ನ ಮೈಯಲ್ಲೇ ಸಿ ವಿಟಮಿನ್ ತಯಾರಿಸಿಕೊಳ್ಳುತ್ತದೆ, ಮನುಷ್ಯನಿಗೆ ಆ ಶಕ್ತಿಯಿಲ್ಲ. ಇಲಿಯ ಲೆಕ್ಕವನ್ನು ಮನುಷ್ಯನ ತೂಕಕ್ಕೆ ಹಿಗ್ಗಿಸಿದರೆ ಗ್ರಾಂಗಳೇ ಬೇಕಾಗುತ್ತವೆ ಎಂಬುದು ಅವರ ಒಂದು ವಾದ. ಓದುವಾಗ ಒಪ್ಪುವಂತಿದೆ. ಆದರೆ ಮನುಷ್ಯನ ಕರುಳು, ಮೂತ್ರಪಿಂಡಗಳು ಇಲಿಯ ಲೆಕ್ಕ ಕೇಳುವುದಿಲ್ಲ. ದಿನಕ್ಕೆ ಕೆಲವು ನೂರು ಮಿಲಿಗ್ರಾಂ ದಾಟಿದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚೇನೂ ಏರದು. ಉಳಿದದ್ದು ಹೊರಗೆ ಹೋಗುತ್ತದೆ.

ಪಾಲಿಂಗ್ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ದಿನವೂ ಗುಳಿಗೆ ನುಂಗುವ ದೊಡ್ಡವರ ನೆಗಡಿ ಶೇಕಡಾ 8ರಷ್ಟು ಬೇಗ ವಾಸಿಯಾಗುವುದು ಕಂಡಿತು. ಸಾಮಾನ್ಯ ಜನಕ್ಕೆ ನೆಗಡಿ ಬರುವುದಂತೂ ತಪ್ಪಲಿಲ್ಲ. ಅದೇ ವರ್ಷ ಸ್ವೀಡನ್ನಿನಲ್ಲಿ, ಸಿ ಗುಳಿಗೆ ನುಂಗುವ ಗಂಡಸರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಹೆಚ್ಚೆಂದು ತಿಳಿಯಿತು. ಪಾಲಿಂಗ್ ಅವರು 93 ವರ್ಷ ಬಾಳಿದರಲ್ಲ ಎನ್ನುವವರಿದ್ದಾರೆ. ದಿನಾ ತಂಬಾಕು ಅಗಿದು ತೊಂಬತ್ತು ದಾಟಿದ ಅಜ್ಜಿಯರು ನಮ್ಮ ಓಣಿಗಳಲ್ಲೂ ಇದ್ದಾರೆ.

ಇಷ್ಟೇ ಆಗಿದ್ದರೆ ದುಡ್ಡು ದಂಡ ಎಂದು ಸುಮ್ಮನಾಗಬಹುದಿತ್ತು. ನನ್ನ ತಕರಾರು ಬೇರೆ. ಇದು ಔಷಧವಲ್ಲ, ಆಹಾರ. ಎಷ್ಟು ತೆಗೆದುಕೊಂಡರೂ ಬಾಧೆಯಿಲ್ಲ ಎಂಬ ಧೈರ್ಯವನ್ನು ಪುಸ್ತಕ ಓದುಗರಲ್ಲಿ ಬಿತ್ತುತ್ತದೆ. ಅವರು ಹೇಳಿದ್ದು ಸಿ ಬಗ್ಗೆ. ಜನರ ಮನಸ್ಸಿನಲ್ಲಿ ಉಳಿದದ್ದು ‘ವಿಟಮಿನ್’ ಎಂಬ ಶಬ್ದ ಮಾತ್ರ. ನೀರಿನಲ್ಲಿ ಕರಗುವಂಥದು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬ ಸಮಾಧಾನವೂ ನಿಲ್ಲಲಿಲ್ಲ. ಬಿ6 ನೀರಿನಲ್ಲೇ ಕರಗುತ್ತದೆ. ಆದರೂ ಅದನ್ನು ದಿನಕ್ಕೆ 2ರಿಂದ 6 ಗ್ರಾಂ ನುಂಗಿದ ಏಳು ಜನರ ನರಗಳು ಕೆಟ್ಟು, ಕೈಕಾಲು ಜೋಮು ಹಿಡಿದು ನಡಿಗೆ ತಪ್ಪಿದ್ದನ್ನು 1983ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಬಸುರಿಯರು ಎ ವಿಟಮಿನ್ ಗುಳಿಗೆ ಅತಿಯಾಗಿ ನುಂಗಿದರೆ ಹೊಟ್ಟೆಯಲ್ಲಿರುವ ಕೂಸಿಗೇ ಊನ ತಗಲೀತು.

ಡಿ ಕತೆ ನಮ್ಮ ಕಡೆಯದೇ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದಿನವಿಡೀ ಒಳಗೇ ಕೂರುವ ಹೆಂಗಸರಿಗೆ ಬಿಸಿಲು ಮೈಗೆ ತಾಕುವುದು ಕಡಿಮೆ. ಡಿ ಕೊರತೆಯಾದರೆ ವೈದ್ಯರು 60,000 ಯೂನಿಟ್ಟಿನ ಪುಡಿಯ ಪೊಟ್ಟಣ ಬರೆಯುತ್ತಾರೆ, ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರ ಮಾತ್ರ. ದಿನದ ಅಗತ್ಯ 600 ಯೂನಿಟ್. ಎಂದರೆ ಒಂದು ಪೊಟ್ಟಣ ನೂರು ದಿನದ ಪಾಲು. ಬನಹಟ್ಟಿಯ ನನ್ನ ಪರಿಚಯದ ಒಬ್ಬಾಕೆ ಮೊಣಕಾಲು ನೋವು ಬೇಗ ಹೋಗಲೆಂದು ಅದನ್ನು ದಿನಾ ಕುಡಿದಳು. “ಹಾಲಿನಾಗ ಹಾಕ್ಕೊಂಡು ಕುಡಿಯೂ ಪುಡಿ ಅಲ್ಲೇನ್ರೀ ಅಕ್ಕಾರ, ಅದೇನ್ ಮಾಡತೈತಿ?” ಎಂದಳು. ಎರಡು ತಿಂಗಳಿಗೆ ವಾಂತಿ, ಮಲಬದ್ಧತೆ, ತೀರದ ನೀರಡಿಕೆ. ರಕ್ತ ಪರೀಕ್ಷಿಸಿದರೆ ಕ್ಯಾಲ್ಸಿಯಂ ಏರಿತ್ತು. ಡಿ ವಿಟಮಿನ್ ಕೊಬ್ಬಿನಲ್ಲಿ ಕೂತಿರುತ್ತದೆ. ಪುಡಿ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇಳಿಯದು. ಹಾಗೇ ಬಿಟ್ಟಿದ್ದರೆ ಮೂತ್ರಪಿಂಡಗಳೇ ಹೋಗುತ್ತಿದ್ದವು.

ಅವಳು ಪಾಲಿಂಗ್ ಹೆಸರು ಕೇಳಿದವಳಲ್ಲ. ಮುಧೋಳ, ಬೀಳಗಿಯ ಔಷಧದ ಅಂಗಡಿಗಳಲ್ಲಿ “ವೀಕ್ನೆಸ್ ಐತ್ರಿ, ಶಕ್ತಿ ಗುಳಿಗಿ ಕೊಡ್ರಿ” ಎನ್ನುವವರೂ ಕೇಳಿರಲಿಕ್ಕಿಲ್ಲ. ಆದರೆ ಅವರೆಲ್ಲರ ಧೈರ್ಯ ಆ ಪುಸ್ತಕದ್ದೇ ಜಾತಿಯದು. ಅವಳ ಖಾಲಿ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಏನೇನೋ ಅಚ್ಚಾಗಿತ್ತು, ಎಲ್ಲ ಇಂಗ್ಲಿಷಿನಲ್ಲಿ. ಅವಳು ಓದಿದ್ದು ಕನ್ನಡ ಶಾಲೆಯ ಏಳನೇ ತರಗತಿ.