ಮಣ್ಣಿನ ಲೆಕ್ಕ, ಮಗುವಿನ ರಕ್ತ

2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿಷಪೂರಿತ ಜಾಗಗಳ ನಿರ್ವಹಣೆಗೆಂದು ಹೊಸ ನಿಯಮಾವಳಿ ಹೊರಡಿಸಿತು. ಆ ಹೊತ್ತಿಗೆ ದೇಶದಲ್ಲಿ ಇಂಥ 103 ಜಾಗಗಳನ್ನು ಗುರುತಿಸಲಾಗಿತ್ತು. ಆರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಸಂಶಯದ ಜಾಗಗಳ ಪಟ್ಟಿ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಅವನ್ನು ಪರೀಕ್ಷಿಸಬೇಕು, ಕೆಡಿಸಿದವರೇ ಶುದ್ಧಿಯ ಖರ್ಚು ಭರಿಸಬೇಕು. 1984ರ ದುರಂತ ನಡೆದ ಭೋಪಾಲದ ಕಾರ್ಖಾನೆಯಿಂದ 337 ಟನ್ ವಿಷತ್ಯಾಜ್ಯ ಹೊರಗೆ ಸಾಗಿಸಲು 2025ರ ಜನವರಿಯವರೆಗೆ ಕಾದ ದೇಶಕ್ಕೆ ಇಂಥ ನಿಯಮ ಬೇಕೇ ಬೇಕಿತ್ತು. ಸ್ವಾಗತಿಸೋಣ. ಆದರೆ ಒಂದು ಕತೆಯನ್ನು ಓದುವಾಗ ಇದರಲ್ಲಿ ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದಿಲ್ಲ ಎಂದು ಕೇಳುವ ನಾವು, ಸರ್ಕಾರದ ಕಾಗದವನ್ನೂ ಹಾಗೆಯೇ ಓದಬೇಕಾಗುತ್ತದೆ.

ಇಂಥ ಜಾಗದಿಂದ ಮನುಷ್ಯರಿಗೆ ಎಷ್ಟು ಅಪಾಯ ಎಂದು ಅಳೆಯುವ ಕ್ರಮ ಅಮೆರಿಕದಲ್ಲಿ 1983ರ ಹೊತ್ತಿಗೆ ರೂಪುಗೊಂಡಿತು. ವಿಷ ಯಾವುದು, ಎಷ್ಟಾದರೆ ಕೆಡುಕು, ಎಷ್ಟು ಮೈ ಸೇರುತ್ತದೆ, ಒಟ್ಟು ಅಪಾಯವೆಷ್ಟು ಎಂಬ ನಾಲ್ಕು ಹೆಜ್ಜೆಗಳು. ಅಲ್ಲಿನ ಪರಿಸರ ಸಂಸ್ಥೆಯ ಲೆಕ್ಕದಲ್ಲೊಂದು ಮಗುವಿದೆ. ಅದರ ತೂಕ 15 ಕಿಲೋ, ದಿನಕ್ಕೆ 200 ಮಿಲಿಗ್ರಾಂ ಮಣ್ಣು ಅದರ ಹೊಟ್ಟೆಗೆ ಹೋಗುತ್ತದೆ. ಹಾಗೆ ಮೈ ಸೇರಿದ ವಿಷವನ್ನು ಸುರಕ್ಷಿತ ಪ್ರಮಾಣದಿಂದ ಭಾಗಿಸಿದಾಗ ಉತ್ತರ ಒಂದಕ್ಕಿಂತ ಕಡಿಮೆ ಬಂದರೆ ಚಿಂತೆಯಿಲ್ಲ.

ಈ ಭಾಗಾಕಾರ ಸೀಸದ ಮುಂದೆ ಸೋಲುತ್ತದೆ. ಏಕೆಂದರೆ ಸೀಸಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲ. ಆದ್ದರಿಂದ ಆ ಸಂಸ್ಥೆಯೇ ಸೀಸದ ಮಟ್ಟಿಗೆ, ಮಗುವಿನ ರಕ್ತದಲ್ಲಿ ಅದು ಎಷ್ಟು ಸೇರೀತು ಎಂದು ಬೇರೆಯದೇ ಲೆಕ್ಕ ಹಾಕುತ್ತದೆ.

ರಕ್ತದಿಂದ ಲೆಕ್ಕ ಆರಂಭಿಸುವುದು ಬೆಂಗಳೂರಿಗೆ ಹೊಸದಲ್ಲ. 1990ರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮೊದಲಾದವರು ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು, ಬ್ಯಾಟರಿಗಳಲ್ಲಿ ಉಳಿಯಿತು. ಆಗ ಅಮೆರಿಕದವರ ಗೆರೆ 10 ಇತ್ತು. 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಅಂದರೆ ಅಂದು 6 ಇದ್ದ ಮಗುವನ್ನು 'ಏನೂ ತೊಂದರೆಯಿಲ್ಲ' ಎಂದು ಮನೆಗೆ ಕಳಿಸಬಹುದಿತ್ತು. ಗೆರೆ ಇಳಿಯುವ ಹೊತ್ತಿಗೆ ಆ ಮಗು ಶಾಲೆಯನ್ನೇ ಮುಗಿಸಿತ್ತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ, 5ನ್ನು ಮೀರಿದ ಭಾರತದ ಮಕ್ಕಳು ಸುಮಾರು 27.5 ಕೋಟಿ ಎಂದಿತು. ಅಷ್ಟೊಂದು ಮಕ್ಕಳು 103 ಜಾಗಗಳ ಸುತ್ತ ವಾಸಿಸುತ್ತಿರಲು ಸಾಧ್ಯವಿಲ್ಲ.

ನಮ್ಮ ತಕರಾರು ಇಲ್ಲಿದೆ. ನಿಯಮ ವಿಳಾಸ ಕೇಳುತ್ತದೆ. ಜಯನಗರ, ಜೆ.ಪಿ. ನಗರದ ಮನೆಗಳ ಹಳೆಯ ಯುಪಿಎಸ್ ಬ್ಯಾಟರಿ ಗುಜರಿಗೆ ಹೋಗುತ್ತದೆ. ತಿಲಕ್‌ನಗರ, ಗುರಪ್ಪನಪಾಳ್ಯ, ಯಾರಬ್‌ನಗರದಂಥ ಇಕ್ಕಟ್ಟಿನ ಮೊಹಲ್ಲಾಗಳಲ್ಲಿ ಅಂಗಡಿಗೂ ಮನೆಗೂ ನಡುವೆ ಒಂದೇ ಗೋಡೆ. ಎಲ್ಲಾದರೂ ಒಂದು ಗಲ್ಲಿಯಲ್ಲಿ ಬ್ಯಾಟರಿ ಒಡೆದರೆ, ತಾಮ್ರಕ್ಕಾಗಿ ವೈರು ಸುಟ್ಟರೆ, ಆ ಧೂಳು ಅಪ್ಪನ ಅಂಗಿಗೆ ಅಂಟಿ ಮಗುವಿನ ಹಾಸಿಗೆಗೆ ಬರುತ್ತದೆ. ಬಾಡಿಗೆಯ ಶೆಡ್ಡು ನಾಳೆ ಇನ್ನೊಂದು ಗಲ್ಲಿಗೆ ಹೋದರೆ ಜಿಲ್ಲಾಡಳಿತ ಯಾವ ಜಾಗವನ್ನು ಪಟ್ಟಿಗೆ ಸೇರಿಸಬೇಕು? 'ಕೆಡಿಸಿದವರೇ ತೆರಬೇಕು' ಎಂದಾಗ ಸಿಕ್ಕಿಬೀಳುವವನು ಸುತ್ತಿಗೆ ಹಿಡಿದ ಕೊನೆಯ ಹುಡುಗ. ಹಳೆಯ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆ ತಯಾರಕರದ್ದೆಂದು 2022ರ ಬ್ಯಾಟರಿ ನಿಯಮ ಹೇಳುತ್ತದೆ. ಆ ಹೊಣೆ ಗಲ್ಲಿಯವರೆಗೆ ಇಳಿಯಬೇಕು.

ಹಾಗೆಂದು ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಗುಜರಿ ನಮ್ಮವರಲ್ಲಿ ಅನೇಕರ ರೋಜಿ. ಊರಿನ ಕಸದಿಂದ ಬದುಕು ಕಟ್ಟಿಕೊಂಡ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ತಪಾಸಣೆಯ ಮಾತೆತ್ತಿದ ಕೂಡಲೇ 'ಹೊಟ್ಟೆಗೆ ಹೊಡೆಯಲು ಬಂದರು' ಎಂದು ಬಾಗಿಲು ಹಾಕಿಕೊಂಡರೆ, ಒಳಗೆ ಉಳಿಯುವುದು ನಮ್ಮ ಮಕ್ಕಳೇ. ದುಡಿಮೆ ಹಲಾಲೋ ಅಲ್ಲವೋ ಎಂದು ಕೇಳುವ ನಾವು, ಅದರಿಂದ ನೆರೆಯವರಿಗೆ ಹಾನಿಯೇನು ಎಂದು ಕೇಳುವುದು ಅಪರೂಪ. ಹಾನಿಯನ್ನು ತಡೆಯುವುದು ಫಿಕ್ಹ್‌ನ ಮೂಲತತ್ವಗಳಲ್ಲಿ ಒಂದು ಎಂಬುದನ್ನು ನಮ್ಮ ಉಲಮಾಗಳಿಗೆ ಹೇಳಿಕೊಡಬೇಕಾಗಿಲ್ಲ.

ಸೀಸದ ವಿಷ ಕೂಗಿ ಹೇಳುವುದಿಲ್ಲ. ಮಗುವಿಗೆ ಪಾಠ ಹತ್ತುವುದಿಲ್ಲ, ಗಮನ ನಿಲ್ಲುವುದಿಲ್ಲ. ನಾವು ಮಗುವನ್ನು ದಡ್ಡ ಎನ್ನುತ್ತೇವೆ, ಮೇಷ್ಟರು ಮೊಹಲ್ಲಾವನ್ನೇ ದಡ್ಡ ಎನ್ನುತ್ತಾರೆ. ಜಮಾಅತ್‌ಗಳು ನಡೆಸುವ ವೈದ್ಯಕೀಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ ನೋಡುತ್ತಾರೆ. ಗುಜರಿಯ ಪಕ್ಕದಲ್ಲಿ ಬೆಳೆಯುವ ಮಕ್ಕಳ ರಕ್ತದಲ್ಲಿ ಸೀಸವನ್ನೂ ನೋಡಲಿ. ಸೇಂಟ್ ಜಾನ್ಸ್ ಆಸ್ಪತ್ರೆ ಬಿಟಿಎಂ ಲೇಔಟಿನಿಂದ ದೂರವೇನಿಲ್ಲ. ರಕ್ತ ತೋರಿಸಿದ ಕಡೆಗೆ ಮಂಡಳಿಯವರು ಮಣ್ಣು ಅಗೆಯಲು ಬರಲಿ. ಆಗ ಪಟ್ಟಿಗೆ 104ನೆಯ ಜಾಗವೊಂದು ಸೇರಿದರೂ ನಾವು ಅವಮಾನಪಡಬೇಕಿಲ್ಲ.